ಮೀಟರಿನ ಆಚೆ ಹರಿದ ನೀರು

ಧಾರವಾಡ ಬಿಟ್ಟು ನಾನು ವಡೋದರಾಕ್ಕೆ ಬಂದದ್ದು ನೀರಿನ ಹರಿವು ಅಳೆಯುವ ಉಪಕರಣಗಳ ಮೇಲೆ ಪಿಎಚ್‌.ಡಿ. ಮಾಡಲು. ನನ್ನ ಗೈಡ್ ಮೈಸೂರು ಕಡೆಯವರು. ಲ್ಯಾಬಿನಲ್ಲಿ ಕನ್ನಡ ಕಿವಿಗೆ ಬೀಳುವುದೇ ನನಗೆ ದೊಡ್ಡ ಆಸರೆಯಾಗಿತ್ತು. ಯುಗಾದಿಗೆ ಅವರ ಮನೆಯಲ್ಲೇ ಉಂಡಿದ್ದೇನೆ. ಸರಳಿನ ತುದಿಗೆ ಪುಟ್ಟ ಪಂಖವಿರುವ ಮೀಟರನ್ನು ನೀರಿಗಿಳಿಸಿ, ಅದು ತಿರುಗುವ ಲೆಕ್ಕದಿಂದ ಹರಿವಿನ ವೇಗ ತೆಗೆಯುವುದನ್ನು ಕಲಿಸಿದವರೂ ಅವರೇ. ಅಳತೆ ಚೂರು ತಪ್ಪಿದರೂ ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದರು.

ಲ್ಯಾಬಿನ ತಿಳಿನೀರಿನಲ್ಲಿ ಪರೀಕ್ಷೆ ಮುಗಿದ ಮೇಲೆ ಕೊಳಕು ನೀರಿನಲ್ಲೂ ನೋಡಬೇಕಿತ್ತು. ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನವರೊಂದಿಗೆ ಗೈಡೇ ಮಾತಾಡಿ ಅನುಮತಿ ಕೊಡಿಸಿದರು. ಹೊರಬರುವ ನೀರು ಅಳೆಯಲು ಮಿಲ್ಲಿನದೇ ಮೀಟರೂ ಅಲ್ಲಿತ್ತು. ಅದನ್ನು ದಾಟಿ ಕಾಲುವೆಯಲ್ಲಿ ತುಸು ಮುಂದೆ ನನ್ನದನ್ನು ಇಳಿಸಿದರೆ, ಅದು ಬಹಳ ಹೆಚ್ಚು ನೀರು ತೋರಿಸಿತು. ನನ್ನದೇ ಕೆಟ್ಟಿರಬೇಕೆಂದು ಬಿಚ್ಚಿ, ತೊಳೆದು, ಮತ್ತೆ ಇಳಿಸಿದೆ. ಅಷ್ಟೇ ಬಂತು. ಕಾಲುವೆಯ ದಂಡೆ ಹಿಡಿದು ಹೋದಾಗ ಕಾರಣ ಕಂಡಿತು. ಮಿಲ್ಲಿನ ಮೀಟರು ದಾಟಿದ ಮೇಲೆ, ಚಪ್ಪಡಿಯ ಅಡಿಯಿಂದ ಇನ್ನೊಂದು ಪೈಪು ನೇರಳೆ ನೀರನ್ನು ಸುರಿಯುತ್ತಿತ್ತು.

ಗೈಡಿಗೆ ಫೋಟೋ ತೋರಿಸಿದೆ. ನೋಡಿ ಫೋನು ವಾಪಸ್ ಕೊಟ್ಟರು.

"ಇದನ್ನ ಬಿಟ್ಬಿಡಮ್ಮ. ನಿನ್ನ ಥೀಸಿಸ್ ಮೀಟರ್ ಬಗ್ಗೆ, ಮಿಲ್ ಬಗ್ಗೆ ಅಲ್ಲ."

"ಮೀಟರ್ ಖರೇನ ಹೇಳೈತ್ರಿ ಸರ್. ಹೆಂಗ ಬಿಡ್ಲಿ?"

"ಆ ಮಿಲ್ಲಿಗೆ ಸಲಹೆಗಾರ ನಾನೇ ಕಣಮ್ಮ," ಎಂದರು ಮೆತ್ತಗೆ.

ನಾನು ಬಿಡಲಿಲ್ಲ, ಅವರು ಥೀಸಿಸ್‌ಗೆ ಸಹಿ ಹಾಕಲಿಲ್ಲ. ಅವರನ್ನು ಎದುರು ಹಾಕಿಕೊಂಡು ನನಗೆ ಗೈಡ್ ಆಗಲು ಇನ್ನಾರೂ ಮುಂದೆ ಬರಲಿಲ್ಲ. ಪದವಿಯಿಲ್ಲದೆ ಅಹಮದಾಬಾದಿಗೆ ಬಂದು, ಬೋಡಕ್‌ದೇವ್‌ನಲ್ಲಿ ಮೀಟರ್ ಮಾರುವ ಕಂಪನಿ ಸೇರಿದೆ. ಪದವಿ ಯಾಕೆ ಸಿಗಲಿಲ್ಲವೆಂದು ಅವ್ವನಿಗೆ ಹೇಳಲೇ ಇಲ್ಲ.

ಕಳೆದ ವರ್ಷ ನಮ್ಮ ಹೊಸ ಮೀಟರಿನ ಬಿಡುಗಡೆಗೆ ಮುಖ್ಯ ಅತಿಥಿಯಾಗಿ ಅವರೇ ಬಂದರು. ನಿಖರ ಅಳತೆಯ ಮಹತ್ವದ ಬಗ್ಗೆ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. "ಆಪ್ ದೋನೋ ಕರ್ನಾಟಕ್ ಸೇ ಹೋ ನಾ, ಬೆನ್?" ಎಂದು, ಇಬ್ಬರೂ ಕರ್ನಾಟಕದವರೆಂಬ ಕಾರಣಕ್ಕೆ ಬಾಸ್ ನನ್ನ ಕೈಗೇ ಹೂಗುಚ್ಛ ಕೊಟ್ಟು ಕಳಿಸಿದರು.

"ಇನ್ನೂ ಕೋಪಾನೇನಮ್ಮ?" ಎಂದು ಗೈಡ್ ಕನ್ನಡದಲ್ಲಿ ಕೇಳಿದರು.

"ಊಟ ಆ ಕಡೆ ಐತ್ರಿ, ಸರ್," ಎಂದೆ.

ಕಂಪನಿ ಹಾಕಿದ ಫೋಟೋದಲ್ಲಿ ಇಬ್ಬರೂ ನಗುತ್ತಿದ್ದೇವೆ. ಅದನ್ನು ನೋಡಿ ಧಾರವಾಡದಿಂದ ಅವ್ವ ಫೋನು ಮಾಡಿದಳು. "ನಿಮ್ಮ ಸರ್ ಭಾಳ ಛಲೋ ಮನಷ್ಯಾರು, ನಿನ್ನ ಇನ್ನೂ ಮರ್ತಿಲ್ಲ ನೋಡು" ಅಂದಳು.

ಹೂಂ ಅಂದೆ.