ಹಸಿರು ಪೊಟ್ಟಣ ತಿಂದ ಲಾಯ್ ಅಕ್ಕ

ಕಂಪ್ಯೂಟರ್ ಚಿಪ್ಪು ಮಾಡಿದ ತಪ್ಪನ್ನು ತಂತ್ರಾಂಶದಲ್ಲಿ ಸದ್ದಿಲ್ಲದೆ ಮುಚ್ಚುವವರು ಚಿಪ್ಪು ತಯಾರಿಕೆಯ ಊರಾದ ನಮ್ಮ ಷಿಂಚುವಿನಲ್ಲಿ ಬೀದಿಗೊಬ್ಬರಿದ್ದಾರೆ. ಅದನ್ನು ಸರಿದೂಗಿಸಿಯೂ ತಪ್ಪು ತಪ್ಪೇ ಎಂದು ಲೋಕ ಓದುವಂತೆ ಬರೆದಿಟ್ಟವರು ಶ್ರೀಮತಿ ಲಾಯ್ ಪೇ-ಷಾನ್. ಕಂಪ್ಯೂಟರಿನ ಒಂದೊಂದು ಚಿಪ್ಪನ್ನೂ ನಡೆಸುವ ಡ್ರೈವರುಗಳನ್ನು ಬರೆಯುವುದರಲ್ಲೇ ಆಯುಷ್ಯ ಸವೆಸಿದ ಅವರು ಈಗ ನಿವೃತ್ತರಾಗುತ್ತಿದ್ದಾರೆ. ಆಹ್ವಾನ ಪತ್ರಿಕೆಯಲ್ಲಿ ‘ವಿನಯಶೀಲರು’ ಎಂದು ಅಚ್ಚಾಗಿದೆ. ವಿನಯಕ್ಕೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧವೆಂದು ಅಚ್ಚು ಹಾಕಿಸಿದವರಿಗೂ ಗೊತ್ತು.

ಹೊಸಬರು ಎಡವಿದಾಗ ಮೇಲಿನವರೆದುರು ತಪ್ಪನ್ನು ತಮ್ಮ ತಲೆಗೆ ಹಾಕಿಕೊಂಡು, ಆಮೇಲೆ ಮರೆಯಲ್ಲಿ ಕರೆದು ಕಿವಿ ಹಿಂಡುತ್ತಿದ್ದ ವಾತ್ಸಲ್ಯ ಅವರದು. ಆ ವಾತ್ಸಲ್ಯ ಸುಳ್ಳು ಹೇಳುವ ಚಿಪ್ಪಿಗೆ ಮಾತ್ರ ಸಿಗುತ್ತಿರಲಿಲ್ಲ.

ಬ್ಯಾಟರಿ ಉಳಿಸುತ್ತದೆಂದು ಜಾಹೀರಾತಾಗಿದ್ದ ನಮ್ಮದೇ ಕಂಪನಿಯ ನೆಟ್‌ವರ್ಕ್ ಚಿಪ್ಪೊಂದು, ನಿದ್ದೆಯಿಂದ ಎಬ್ಬಿಸಿದಾಗ ಪೂರ್ತಿ ಏಳುವ ಮೊದಲೇ ‘ಎದ್ದೆ’ ಎನ್ನುತ್ತಿತ್ತು. ಅದನ್ನು ನಂಬಿದ ಕಂಪ್ಯೂಟರ್ ಕಲ್ಲಿನಂತೆ ನಿಂತುಬಿಡುತ್ತಿತ್ತು. ಲಾಯ್ ಅವರು ಅದಕ್ಕೆ ನಿದ್ದೆಯನ್ನೇ ನಿಷೇಧಿಸಿ, ‘ಈ ಚಿಪ್ ಕೆಟ್ಟಿದೆ, ಮಲಗಿಸಬೇಡಿ’ ಎಂಬ ಸಾಲು ಬರೆದು, ಲೋಕವೆಲ್ಲ ಹಂಚಿಕೊಂಡು ಬಳಸುವ ಕಂಪ್ಯೂಟರಿನ ತಿರುಳು ತಂತ್ರಾಂಶವಾದ ಕರ್ನಲ್ಲಿಗೆ ಸೇರಿಸಿದರು. ಮಲಗದ ಚಿಪ್ಪು ಬ್ಯಾಟರಿ ಉಳಿಸುವುದೆಲ್ಲಿಂದ? ಮಾರಾಟದವರು ಹೌಹಾರಿದರು.

ವಿಭಾಗದ ಮುಖ್ಯಸ್ಥ ತು ಅವರು ಎಲ್ಲರನ್ನೂ ಸೇರಿಸಿದರು. ಯಂತ್ರ ಹೇಳಿದಂತೆ ಕೇಳಲೆಂದು ನಮ್ಮಲ್ಲಿ ಅದರ ಮೇಲಿಡುವ ಹಸಿರು ಪೊಟ್ಟಣದ ಜೋಳದ ತಿಂಡಿಯನ್ನು ಆ ಚಿಪ್ಪಿದ್ದ ಕಂಪ್ಯೂಟರಿನ ಮೇಲೆ ತಾವೇ ಇಟ್ಟರು.

“ಲಾಯ್ ಅಕ್ಕ, ಆ ಸಾಲು ತೆಗೆಸಿ. ಇಲ್ಲಾಂದ್ರೆ ಕುರ್ಚಿ ಖಾಲಿ ಮಾಡಿ.”

“ಆಸ್ಪತ್ರೆಗಳಿಗೂ ಇದೇ ಚಿಪ್ ಹೋಗಿದೆ. ಅಲ್ಲಿ ಕಂಪ್ಯೂಟರ್ ನಿಂತ್ರೆ ನೀವು ಹೋಗಿ ಎಬ್ಬಿಸ್ತೀರಾ?”

“ಪೊಟ್ಟಣ ಇಟ್ಟಿದೀನಲ್ಲ, ಅದು ನೋಡ್ಕೊಳ್ಳುತ್ತೆ,” ಎಂದು ತು ನಗಿಸಲು ನೋಡಿದರು.

ಯಂತ್ರದ ಪೊಟ್ಟಣವನ್ನು ಹಸಿದವರೂ ಮುಟ್ಟುವುದಿಲ್ಲ. ಲಾಯ್ ಅವರು ಪರ್ರನೆ ಹರಿದು, ಕರಕರ ತಿಂದು ಮುಗಿಸಿದರು.

“ಈಗ ಕಾಯೋಕೆ ನನ್ನ ಸಾಲೊಂದೇ ಉಳಿದಿರೋದು. ಕುರ್ಚಿ ಬೇಕಾದ್ರೆ ತಗೊಳ್ಳಿ.”

ಕುರ್ಚಿ ಹೋಯಿತು. ನೆಲಮಾಳಿಗೆಯ ಪರೀಕ್ಷಾ ಕೋಣೆಗೆ ತಳ್ಳಿದರು, ಬಡ್ತಿ ಮತ್ತೆ ಅತ್ತ ಸುಳಿಯಲಿಲ್ಲ. ಅದನ್ನು ನೆನೆದರೆ ನಮಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಕರ್ನಲ್ ಕಾಯುವವರು ಕಂಪನಿಯ ಸಂಬಳದವರಲ್ಲ. ಸಾಲು ತೆಗೆಯಬೇಕಾದರೆ ಅದನ್ನು ಬರೆದವರೇ ಚಿಪ್ಪು ಸರಿಯಿದೆಯೆಂದು ಹೇಳಲಿ ಎಂದರು. ಲಾಯ್ ಅವರು ಹೇಳಲಿಲ್ಲ. ಸಾಲು ಇವತ್ತಿಗೂ ಅಲ್ಲೇ ಇದೆ.

ಅವರ ನಿವೃತ್ತಿಗೆಂದು ತರುತ್ತಿರುವ ಈ ಸಂಪುಟದ ಗೌರವ ಸಂಪಾದಕರು ಅದೇ ತು ಅವರು. ಪೊಟ್ಟಣದ ಪ್ರಸಂಗವನ್ನು ಕೈಬಿಡಬೇಕೆಂದು ಬಹಳ ಮರ್ಯಾದೆಯಿಂದ ಕೇಳಿದರು. ಲಾಯ್ ಅಕ್ಕನ ಕೈಯಲ್ಲಿ ಪಳಗಿದ ನಮಗೆ ಅದೊಂದು ಕೆಲಸ ಬರುವುದಿಲ್ಲ. ವಿಶ್ರಾಂತಿಯನ್ನಂತೂ ಹಾರೈಸುವುದಿಲ್ಲ. ಅವರು ನೂರ್ಕಾಲ ಬಾಳಲಿ. ಸುಳ್ಳು ಹೇಳುವ ಚಿಪ್ಪುಗಳಿಗೂ, ಅವನ್ನು ಮಾರುವವರಿಗೂ ಇನ್ನೂ ಬಹುಕಾಲ ನಿದ್ದೆ ಕೆಡಿಸುತ್ತಿರಲಿ.