ಮೃತ್ಯುಂಜಯನ ನುಣ್ಣನೆಯ ಪೇಸ್ಟ್

ಎರಡು ಲೋಹಗಳನ್ನು ಎಷ್ಟೇ ಉಜ್ಜಿ ಹೊಳಪು ಕೊಟ್ಟರೂ ಒಂದರ ಮೇಲೊಂದು ಇಟ್ಟಾಗ ಅವು ಪೂರ್ತಿ ಕೂಡುವುದಿಲ್ಲ. ಕಣ್ಣಿಗೆ ಕಾಣದ ಉಬ್ಬುತಗ್ಗುಗಳ ನಡುವೆ ಗಾಳಿ ಉಳಿಯುತ್ತದೆ. ಆ ಗಾಳಿ ಶಾಖವನ್ನು ಆಚೆಗೆ ಸುಲಭವಾಗಿ ದಾಟಿಸುವುದಿಲ್ಲ. ಕಂಪ್ಯೂಟರಿನ ಪ್ರೊಸೆಸರ್‌ಗೂ ಅದರ ಮೇಲೆ ಫ್ಯಾನು ಹೊತ್ತು ಕೂರುವ ಅಲ್ಯೂಮಿನಿಯಂ ತುಂಡಿಗೂ ನಡುವೆ ಹಚ್ಚುವ ಬಿಳಿ ಪೇಸ್ಟಿನ ಕೆಲಸ ಆ ಗಾಳಿಯ ಜಾಗ ತುಂಬುವುದು, ಅಷ್ಟೇ. ಮೃತ್ಯುಂಜಯ ಇದನ್ನು ನನಗೆ ಹೇಳಿದ್ದು 1999ರಲ್ಲಿ, ನಂಜನಗೂಡು ರಸ್ತೆಯ ಬಸ್ಸಿನಲ್ಲಿ. ನಾವಿಬ್ಬರೂ ಬಿ.ಎಸ್ಸಿ.ಯಲ್ಲಿ ಒಂದೇ ಬೆಂಚಿನವರು. ಅವನು ಆಗಷ್ಟೇ ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಶೆಡ್ಡನ್ನು ಬಾಡಿಗೆಗೆ ಹಿಡಿದಿದ್ದ.

"ಹೊರಗಿಂದ ಬರೋ ಟ್ಯೂಬು ಬಿಚ್ಚಿ ನೋಡ್ದೆ ಕಣೋ. ಜಿಂಕ್ ಆಕ್ಸೈಡು, ಸಿಲಿಕೋನ್ ಎಣ್ಣೆ. ಇನ್ನೇನಿಲ್ಲ ಅದ್ರಲ್ಲಿ," ಎಂದ. "ಪುಡಿ ಮಾಡೋ ವಿದ್ಯೆ ನಮ್ಮನೇಲೇ ಇದ್ಯಲ್ಲ."

ಮನೆಯ ವಿದ್ಯೆ ಎಂದರೆ ವಿಭೂತಿ. ಅವನ ತಂದೆ ಚನ್ನಬಸವಯ್ಯನವರು ಮಠಕ್ಕೂ ಪೇಟೆಯ ಅಂಗಡಿಗಳಿಗೂ ವಿಭೂತಿ ಮಾಡಿಕೊಡುತ್ತಿದ್ದವರು. ಬೆರಣಿ ಸುಟ್ಟ ಬೂದಿಯನ್ನು ನೀರಿನಲ್ಲಿ ಕದಡಿ, ದಪ್ಪ ಕಣಗಳು ತಳ ಸೇರುವಷ್ಟು ಹೊತ್ತು ಬಿಟ್ಟು, ಮೇಲಿನ ಹಾಲಿನಂಥ ನೀರನ್ನು ಮಾತ್ರ ಬೇರೆ ಪಾತ್ರೆಗೆ ಬಸಿದುಕೊಳ್ಳುತ್ತಿದ್ದರು. ಆ ನೀರು ತಿಳಿಯಾದಾಗ ಅಡಿಯಲ್ಲಿ ಉಳಿಯುವ ನುಣ್ಣನೆಯ ಬೂದಿಯೇ ಅವರಿಗೆ ಬೇಕಾದದ್ದು. ಮೊದಲ ಪಾತ್ರೆಯ ಗಸಿಯನ್ನು ಗಿಡದ ಬುಡಕ್ಕೆ ಚೆಲ್ಲುತ್ತಿದ್ದರು.

ದಟ್ಟಗಳ್ಳಿಯಲ್ಲಿ ಅವರು ಮನೆ ಕಟ್ಟಿಸಿದಾಗ ಸುತ್ತ ಬರೀ ಖಾಲಿ ಸೈಟುಗಳಿದ್ದವು. ಮನೆಗಳು ಎದ್ದಂತೆ ಬೆರಣಿಯ ಹೊಗೆಯ ಬಗ್ಗೆ ದೂರುಗಳೂ ಎದ್ದವು. ಕೊನೆಗೆ ಬೆರಣಿ ಸುಡುವ ಗೂಡನ್ನು ಒಡೆಯಬೇಕಾಯಿತು. ಆಮೇಲೆ ಚನ್ನಬಸವಯ್ಯನವರು ಜಗಲಿಯ ಮೇಲೆ ಕೂತರು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವರು. ಮಾತನಾಡಿಸಿದರೆ ತಮ್ಮ ಅಂಗೈಗಳನ್ನು ನೋಡಿಕೊಳ್ಳುವರು. ನಾನು ಹೋದಾಗಲೆಲ್ಲ ಅವರು ಅದೇ ಜಾಗದಲ್ಲಿ ಹಾಗೆಯೇ ಇರುತ್ತಿದ್ದರು.

ಮಗ ಜಿಂಕ್ ಆಕ್ಸೈಡಿನ ಮೂಟೆಯನ್ನು ತಂದು ಎದುರಿಗೆ ಇಳಿಸಿದ ದಿನ ಅವರು ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದರು.

"ಇದೇನ್ಲಾ, ಸುಣ್ಣವಾ?"

"ಅಲ್ಲಪ್ಪ. ಸತುವನ್ನ ಸುಟ್ರೆ ಬರೋ ಬೂದಿ ಅನ್ಕೊಳ್ಳಿ."

"ಬೂದಿಯಾದ್ರೆ ನಂಗ್ ಬುಡು. ತರಿ ತರಿಯಾಗಿದೆ ಇದು. ಯಾವನು ಮಾಡ್ದೋನು?"

ಆ ಸಂಜೆ ಅವರು ಎರಡು ಸಲ ಅನ್ನ ಹಾಕಿಸಿಕೊಂಡರು ಎಂದು ಮೃತ್ಯುಂಜಯ ನನಗೆ ಹೇಳಿದ. ಪೇಸ್ಟು ನಡೆಯದೆ ಹೋದರೆ ಅಪ್ಪ ಮತ್ತೆ ಜಗಲಿಗೆ ಹಿಂತಿರುಗುತ್ತಾರೆ. ಶೆಡ್ಡಿನ ಲಾಭನಷ್ಟಕ್ಕಿಂತ ಅವನಿಗಿದ್ದ ದೊಡ್ಡ ಹೆದರಿಕೆ ಅದು.

ತಂದೆ ಬಸಿದು ಒಣಗಿಸಿದ ಪುಡಿಯನ್ನು ಅವನು ಒಲೆಯಲ್ಲಿ ಇನ್ನೊಮ್ಮೆ ಕಾಯಿಸಿ, ತೇವ ಕಳೆದು, ಶೆಡ್ಡಿನಲ್ಲಿ ಎಣ್ಣೆಯೊಡನೆ ಅರೆಯುತ್ತಿದ್ದ. ಪುಡಿ ನುಣ್ಣಗಾದಷ್ಟೂ ಎಣ್ಣೆಯನ್ನು ಹೆಚ್ಚು ಕುಡಿಯುತ್ತಿತ್ತು. ಮಂದವಾದ ಎಣ್ಣೆ ಹಾಕಿದರೆ ಪೇಸ್ಟು ಟ್ಯೂಬಿನಿಂದ ಹೊರಗೇ ಬರುತ್ತಿರಲಿಲ್ಲ. ಆದ್ದರಿಂದ ತೆಳುವಾದ ಎಣ್ಣೆಯನ್ನು ಆರಿಸಿಕೊಂಡ. ಒಂದು ಕಂಪ್ಯೂಟರಿಗೆ ಹಚ್ಚಿ, ವಾರವಿಡೀ ನಿಲ್ಲಿಸದೆ ಓಡಿಸಿ, ಪ್ರೊಸೆಸರಿನ ಉಷ್ಣತೆಯನ್ನು ನೋಡಿದ. ಹೊರದೇಶದ ಟ್ಯೂಬಿಗಿಂತ ಹೆಚ್ಚೇನೂ ಏರಲಿಲ್ಲ.

ಲಕ್ಷ್ಮೀಪುರಂನಲ್ಲಿ ಅಶ್ವತ್ಥ ಎಂಬವರ ಅಂಗಡಿ ಇತ್ತು. ಬಿಡಿಭಾಗಗಳನ್ನು ಕೂಡಿಸಿ ಕಂಪ್ಯೂಟರ್ ಮಾಡಿಕೊಡುವವರು. ಅವರ ತಾತ ಅರಮನೆಯ ಗಡಿಯಾರಗಳಿಗೆ ಕೀಲಿ ಕೊಡುತ್ತಿದ್ದರಂತೆ. ಅವರು ಮೊದಲ ಟ್ಯೂಬನ್ನು ಬಿಚ್ಚಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ, ಕಣ್ಣು ಮುಚ್ಚಿಕೊಂಡರು.

"ಬೆಣ್ಣೆ ಕಣ್ರೀ ಇದು. ಆಚೆ ಮಾಲು ಇದರ ಮುಂದೆ ಮರಳು."

"ಬೆಣ್ಣೆ ಅಂತ ದೋಸೆಗೆ ಸವರ್ದಂಗೆ ಸವರ್ಬೇಡಿ ಸಾರ್. ಮಧ್ಯಕ್ಕೆ ಒಂದು ಹೆಸರುಕಾಳಿನಷ್ಟು ಇಡಿ. ಮೇಲಿಂದ ನೇರವಾಗಿ ಒತ್ತಿದ್ರೆ ಅದೇ ಹರಡ್ಕೊಳ್ಳತ್ತೆ. ಜಾಸ್ತಿ ಆದ್ರೆ ಅದೇ ಒಂದು ಕಂಬಳಿ ಆಗ್ಬುಡತ್ತೆ."

"ಅಷ್ಟು ಚೂರು ಹಚ್ಚಿದ್ರೆ ನಿಮ್ಗೆ ವ್ಯಾಪಾರ ಆಗೋದು ಹೇಗ್ರೀ? ಒಳ್ಳೇ ವರ್ತಕರು ನೀವು."

ವ್ಯಾಪಾರ ಆಯಿತು. ಬಾಯಿಂದ ಬಾಯಿಗೆ ಹಬ್ಬಿ ಬೇರೆ ಅಂಗಡಿಗಳವರೂ ಕೇಳಿದರು. ಎಲ್ಲರೂ ಬೆರಳಲ್ಲಿ ಉಜ್ಜಿ ನೋಡುವವರೇ. ಎಲ್ಲರಿಗೂ ಅದರ ನುಣುಪು ಹಿಡಿಸಿತು. ಮನೆಗೆ ಬಂದು ಮಗ ಅದನ್ನು ಹೇಳಿದರೆ ಚನ್ನಬಸವಯ್ಯನವರು ಮರುದಿನ ಇನ್ನಷ್ಟು ನಿಧಾನವಾಗಿ ಬಸಿಯುತ್ತಿದ್ದರು.

2001ರ ಬೇಸಿಗೆಯಲ್ಲಿ ಪ್ರೇಮಲೀಲಾ ಎಂಬವರ ಕಂಪ್ಯೂಟರ್ ತರಬೇತಿ ಕೇಂದ್ರದಿಂದ ಅಶ್ವತ್ಥರಿಗೆ ಫೋನು ಬಂತು. ಅಲ್ಲಿನ ಯಂತ್ರಗಳನ್ನೆಲ್ಲ ಮೃತ್ಯುಂಜಯನ ಪೇಸ್ಟು ಹಚ್ಚಿ ಜೋಡಿಸಿಕೊಟ್ಟವರು ಅವರೇ. ಅಶ್ವತ್ಥ ಮೃತ್ಯುಂಜಯನನ್ನು ಕರೆಸಿ, "ನೀವೇ ಹೋಗಿ ನೋಡಿ. ನಂಗೆ ಆಯಮ್ಮನಿಗೆ ಮುಖ ತೋರ್ಸೋಕಾಗಲ್ಲ," ಎಂದು ಹೇಳಿ ಹೊರದೇಶದ ಪೇಸ್ಟಿನ ಟ್ಯೂಬುಗಳನ್ನು ಕೈಗಿಟ್ಟರು. ಒಬ್ಬನೇ ಹೋಗಲು ಮನಸ್ಸಾಗದೆ ಅವನು ನನ್ನನ್ನೂ ಕರೆದ. ನಾನು ಸ್ಪಿರಿಟ್ ಬಾಟಲು, ಹತ್ತಿಬಟ್ಟೆ ತೆಗೆದುಕೊಂಡು ಹೋದೆ.

"ಪರೀಕ್ಷೆ ಮಧ್ಯ ಕಂಪ್ಯೂಟರುಗಳು ಮಲ್ಕೊಂಬುಡ್ತವೆ ಕಣ್ರೀ," ಎಂದರು ಪ್ರೇಮಲೀಲಾ. "ಒಂದು ಏಳಿಸೋ ಹೊತ್ಗೆ ಇನ್ನೊಂದು. ಹುಡುಗೀರು ಅಳ್ತಾ ಕೂತಿದ್ರು."

ಮೃತ್ಯುಂಜಯ ಮೊದಲ ಯಂತ್ರವನ್ನು ಬಿಚ್ಚಿದ. ಕ್ಲಿಪ್ಪು ತೆಗೆದು ಅಲ್ಯೂಮಿನಿಯಂ ತುಂಡನ್ನು ಸ್ವಲ್ಪ ತಿರುಗಿಸಿದೊಡನೆ, ಪ್ರತಿರೋಧವೇ ಇಲ್ಲದೆ ಅದು ಎದ್ದು ಬಂತು. ನಡುವೆ ಇದ್ದದ್ದು ಪೇಸ್ಟಲ್ಲ. ಹಳೆಯ ಗೋಡೆಯ ಸುಣ್ಣದಂತೆ ಬಿರುಕು ಬಿಟ್ಟ ಒಣ ಪುಡಿ. ಅಂಚಿನ ಸುತ್ತ ಎಣ್ಣೆ ಸೋರಿ, ಧೂಳು ಕೂತು, ಕಪ್ಪು ಗೆರೆಯಾಗಿತ್ತು. ಎರಡನೆಯದೂ ಹಾಗೇ. ಅವನು ನನ್ನ ಕೈಯಿಂದ ಸ್ಪಿರಿಟ್ ಬಾಟಲನ್ನು ತೆಗೆದುಕೊಂಡ.

ಆಮೇಲೆ ಅವನು ನಿಲ್ಲಿಸಲಿಲ್ಲ. ತನ್ನ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆಯುವುದು, ಲೋಹ ಆರುವ ತನಕ ಕಾಯುವುದು, ಬೇರೆಯವರ ಟ್ಯೂಬಿನಿಂದ ಹೆಸರುಕಾಳಿನಷ್ಟು ಮಧ್ಯಕ್ಕೆ ಇಡುವುದು, ಓರೆಯಾಗದಂತೆ ಒತ್ತಿ ಕ್ಲಿಪ್ಪು ಹಾಕುವುದು. ಅವನ ಕೈ ಎಲ್ಲಿಯೂ ಅವಸರ ಮಾಡಲಿಲ್ಲ. ನಾನು ತಂದಿದ್ದ ಹತ್ತಿಬಟ್ಟೆಗಳು ಒಂದೊಂದಾಗಿ ಬಿಳಿಯಾದವು.

ಕೊನೆಯಲ್ಲಿ ಪ್ರೇಮಲೀಲಾ ಖಾಲಿ ಟ್ಯೂಬೊಂದನ್ನು ಎತ್ತಿ ನೋಡಿದರು. "ಇದು ಎಲ್ಲಿದು?"

"ಹೊರದೇಶದ್ದು."

"ಹಂಗಾದ್ರೆ ಸರಿ ಬುಡಿ. ಹಿಂದಿಂದು ಯಾರೋ ಇಲ್ಲೇ ಮನೇಲಿ ಮಾಡಿದ್ದಂತೆ. ನೋಡ್ರಿ, ಎಂಥೆಂಥೋರು ಇರ್ತಾರೆ."

"ಹೌದು ಮೇಡಂ," ಎಂದ ಮೃತ್ಯುಂಜಯ. ನನ್ನ ಕಡೆ ನೋಡಲಿಲ್ಲ.

ಬೇರೆ ಅಂಗಡಿಗಳವರೂ ಉಳಿದ ಟ್ಯೂಬುಗಳನ್ನು ವಾಪಸ್ ಕಳಿಸಿದರು. ಕಾರಣ ಕಂಡುಹಿಡಿಯಲು ಅವನಿಗೆ ಆ ಮಳೆಗಾಲವೆಲ್ಲ ಬೇಕಾಯಿತು. ಕಂಪ್ಯೂಟರು ದಿನವೂ ಕಾದು ದಿನವೂ ಆರುತ್ತದೆ. ಲೋಹ ಹಿಗ್ಗುತ್ತದೆ, ಕುಗ್ಗುತ್ತದೆ. ಪ್ರತಿ ಸಲವೂ ತೆಳು ಎಣ್ಣೆ ಸ್ವಲ್ಪ ಸ್ವಲ್ಪವೇ ಹೊರಕ್ಕೆ ಜಾರುತ್ತದೆ. ನಿಲ್ಲಿಸದೆ ಒಂದು ವಾರ ಓಡಿಸಿದರೆ ಅದು ಗೊತ್ತಾಗುವುದಿಲ್ಲ. ಅಷ್ಟೊಂದು ಎಣ್ಣೆ ಬೇಕಾದದ್ದು ಪುಡಿ ಅತಿ ನುಣ್ಣಗಿದ್ದದ್ದರಿಂದ. ಕಾಂಕ್ರೀಟಿನಲ್ಲಿ ಜಲ್ಲಿಯ ಸಂದುಗಳನ್ನು ಮರಳು ತುಂಬುವಂತೆ, ದಪ್ಪ ಕಣಗಳ ಸಂದುಗಳಲ್ಲಿ ಸಣ್ಣ ಕಣಗಳು ಕೂತರೆ ಎಣ್ಣೆ ಕಡಿಮೆ ಸಾಕು, ಮಂದವಾದ ಎಣ್ಣೆಯೂ ನಡೆಯುತ್ತದೆ, ಶಾಖವೂ ಚೆನ್ನಾಗಿ ದಾಟುತ್ತದೆ. ಬೇಕಾಗಿದ್ದ ಆ ದಪ್ಪ ಕಣಗಳೇ ಅವನ ಮನೆಯಲ್ಲಿ ಗಸಿಯಾಗಿ ಹೊರಗೆ ಹೋಗುತ್ತಿದ್ದವು.

"ಅಪ್ಪ ಕಮ್ಮಿ ಕೆಲಸ ಮಾಡಿದ್ರೆ ಪೇಸ್ಟು ಉಳ್ಕೊಳ್ತಿತ್ತು ಕಣೋ," ಎಂದು ಅವನು ಒಂದು ದಿನ ನನಗೆ ಹೇಳಿದ. "ಇದನ್ನ ಎಂಗೆ ಹೇಳ್ಲಿ ನಾನು ಅವ್ರಿಗೆ?"

ಮೂಟೆಯ ಪುಡಿಯನ್ನು ಬಸಿಯದೆ, ಮಂದವಾದ ಎಣ್ಣೆಯಲ್ಲಿ ಅರೆದು ಅವನು ಹೊಸ ಪೇಸ್ಟು ಮಾಡಿದ. ಶೆಡ್ಡಿನ ಯಂತ್ರಕ್ಕೆ ಹಚ್ಚಿ, ದಿನಕ್ಕೆ ಹಲವು ಸಲ ನಿಲ್ಲಿಸಿ ಮತ್ತೆ ಓಡಿಸಿ, ಮುಂದಿನ ಬೇಸಿಗೆ ಕಳೆಯುವ ತನಕ ಕಾದ. ಬಿಚ್ಚಿ ನೋಡಿದಾಗ ಪೇಸ್ಟು ಹಚ್ಚಿದ ದಿನದ ಹಾಗೆಯೇ ಹಸಿಯಾಗಿತ್ತು. ಅದನ್ನು ಲಕ್ಷ್ಮೀಪುರಂಗೆ ಒಯ್ದ. ಅಶ್ವತ್ಥ ಅಭ್ಯಾಸದಂತೆ ಬೆರಳಲ್ಲಿ ಉಜ್ಜಿದರು.

"ಇದೇನ್ರೀ, ಹಲ್ಲುಪುಡಿ ಹಾಗಿದೆ?"

"ಕೈಗೆ ಹಾಗೆ ಅನ್ಸತ್ತೆ ಸಾರ್. ಆದ್ರೆ ಒಣಗಲ್ಲ. ಒಂದು ಬೇಸಿಗೆ ಪೂರ್ತಿ ಓಡ್ಸಿ ನೋಡಿದೀನಿ."

"ನೀವು ಸುಳ್ಳು ಹೇಳೋರಲ್ಲ, ನಂಗೊತ್ತು." ಅಶ್ವತ್ಥ ಬೆರಳನ್ನು ಒರೆಸಿಕೊಂಡರು. "ಬೆಣ್ಣೆ ಹಾಗಿದ್ದಿದ್ದೇ ಸುಣ್ಣ ಆಯ್ತು. ಹಲ್ಲುಪುಡಿ ಹಾಗಿರೋದನ್ನ ಯಾರಿಗ್ರೀ ಕೊಡ್ಲಿ? ಅದೂ ಅಲ್ದೆ, ಈಗ ಪ್ರೊಸೆಸರ್ ಜೊತೆ ಡಬ್ಬಿಯಲ್ಲೇ ಬರೋ ಫ್ಯಾನಿಗೆ ಕಂಪನಿಯೋರೇ ಪೇಸ್ಟು ಹಚ್ಚಿ ಕಳಿಸ್ತಾರೆ. ಕಾಫಿ ಕುಡೀರಿ, ಬನ್ನಿ."

ಬೇರೆ ಅಂಗಡಿಗಳಲ್ಲಿ ಕಾಫಿಯೂ ಸಿಗಲಿಲ್ಲ. ಅವನು ಶೆಡ್ಡು ಬಿಟ್ಟ, ಅರೆಯುವ ಯಂತ್ರವನ್ನು ಕೊಟ್ಟುಬಿಟ್ಟ. ಅದೇ ಕಡಕೊಳದಲ್ಲಿ ರಬ್ಬರ್ ಹಾಳೆ ಮಾಡುವ ಒಂದು ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ.

ತಂದೆಗೆ ಎಲ್ಲವನ್ನೂ ಹೇಳಿಬಿಡಬೇಕೆಂದು ಹೋದ ಸಂಜೆ ಚನ್ನಬಸವಯ್ಯನವರೇ ಮೊದಲು ಮಾತೆತ್ತಿದರಂತೆ. ಮಾಲು ವಾಪಸ್ ಬಂದ ಸುದ್ದಿ ಹೇಗೋ ಅವರ ಕಿವಿಗೆ ಬಿದ್ದಿತ್ತು.

"ನನ್ ಕೈದೇ ತಪ್ಪಿರ್ಬೇಕು ಕಣೋ. ಬಸಿಯೋವಾಗ ಆತುರ ಬಿದ್ದಿದೀನಿ. ದಪ್ಪ ಕಣ ಬಂದ್ಬುಟ್ಟಿರತ್ತೆ."

"ಇಲ್ಲಪ್ಪ. ಎಣ್ಣೆ ಸರಿ ಇರ್ಲಿಲ್ಲ."

"ಎಣ್ಣೆ ಅನ್ಬೇಡ. ನಾಳೆಯಿಂದ ಇನ್ನೊಂದು ಪಾತ್ರೆ ಇಡ್ತೀನಿ."

ನುಣುಪೇ ತಪ್ಪಾದದ್ದೆಂದು ಮೃತ್ಯುಂಜಯ ಹೇಳಲಿಲ್ಲ. ಹೇಳಿದ್ದರೆ, ಅಂಗಳದಲ್ಲಿದ್ದ ಪಾತ್ರೆಗಳು ಆ ರಾತ್ರಿಯೇ ಅಟ್ಟ ಸೇರುತ್ತಿದ್ದವು.

ಕೆಲಸಕ್ಕೆ ಸೇರಿದ ಮೇಲೂ, ಪೇಸ್ಟು ನಿಂತದ್ದನ್ನು ತಂದೆಗೆ ತಿಳಿಸದೆ, ಅವನು ಆಗಾಗ ಒಂದು ಸಣ್ಣ ಮೂಟೆಯನ್ನು ಕೊಂಡು ಮನೆಗೆ ತರುತ್ತಿದ್ದ. ತಂದೆ ಕದಡಿ, ಬಸಿದು, ಮತ್ತೆ ಕದಡಿ, ಬೆರಳಿಗೇ ಸಿಗದಂಥ ಪುಡಿ ಮಾಡಿ ಡಬ್ಬಕ್ಕೆ ತುಂಬಿ ಕೊಡುತ್ತಿದ್ದರು. ರಬ್ಬರಿಗೂ ಜಿಂಕ್ ಆಕ್ಸೈಡು ಬೇಕು. ಆದರೆ ಆ ಕಾರ್ಖಾನೆಗೆ ಅಂಥ ನುಣುಪು ಬೇಕಿರಲಿಲ್ಲ. ಮಾಲೀಕರು ಬೇಡವೆನ್ನದ ಕಾರಣ ಅವನು ಆ ಡಬ್ಬವನ್ನು ಒಯ್ದು, ಅಲ್ಲಿನ ಮೂಟೆಯಿಂದ ನೇರ ಸುರಿದ ಪುಡಿಯ ಮೇಲೆಯೇ ಸುರಿಯುತ್ತಿದ್ದ.

2005ರಲ್ಲಿ ನಾನು ಒಂದು ಬೆಳಿಗ್ಗೆ ಹೋದಾಗ ಚನ್ನಬಸವಯ್ಯನವರು ಪಾತ್ರೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಮಗ ಬಸ್ಸಿಗೆ ಹೊರಟು ಡಬ್ಬವನ್ನು ಎತ್ತಿಕೊಳ್ಳುತ್ತಿದ್ದ.

"ಕಂಪ್ಯೂಟರ್‌ನೋರು ಈಗೇನಂತಾರೆ?" ಎಂದು ಅವರು ಕೇಳಿದರು.

"ಏನೂ ದೂರಿಲ್ಲಪ್ಪ."

"ದೂರಿಲ್ಲ ಅಂದ್ರೆ ಸಾಲ್ದು. ಚೆನ್ನಾಗಿದೆ ಅಂತ ಯಾರಾದ್ರೂ ಅಂದ್ರಾ?"

ಮೃತ್ಯುಂಜಯ ಡಬ್ಬವನ್ನು ಕಂಕುಳಿಗೆ ಏರಿಸಿಕೊಂಡ. ಅವನು ತಲೆಯಾಡಿಸಿ ಹೊರಗೆ ನಡೆದ. ಅದನ್ನು ಹೌದು ಎಂದು ತೆಗೆದುಕೊಂಡ ಚನ್ನಬಸವಯ್ಯನವರು ಮತ್ತೆ ನೀರಿಗೆ ಕೈ ಹಾಕಿದರು.