ಭರಣಿಯ ಮೇಲಿನ ತುಳು

ಎಪ್ಪತ್ತರ ದಶಕದಲ್ಲಿ ನಮ್ಮ ಜಾಲ್ಸೂರಿನ ಕಡೆ ಒಬ್ಬರು ವಿದೇಶಿ ಪಾದ್ರಿಯಿದ್ದರು. ಪಾದ್ರಿಯಾಗುವ ಮುಂಚೆ ಯಾವುದೋ ಆಫೀಸಿನಲ್ಲಿ ಸ್ಟೆನೋ ಆಗಿದ್ದವರು. ಬ್ಯಾರಿಗಳಿರಲಿ, ಕೊಂಕಣಿಗಳಿರಲಿ, ಗಡಿಯಾಚೆಯ ಮಲೆಯಾಳಿಗಳಿರಲಿ, ಸಂತೆಯಲ್ಲಿ ಚೌಕಾಸಿಗೆ ಇಳಿದರೆ ಎಲ್ಲರದೂ ತುಳುವೇ. ಅದನ್ನು ಈ ಪಾದ್ರಿ ಕೇಳಿ ಕಲಿತು, ಕಿವಿಗೆ ಬಿದ್ದ ಹಾಗೆ ಶಾರ್ಟ್‌ಹ್ಯಾಂಡಿನ ಗೀರುಗಳಲ್ಲಿ ಬರೆದುಕೊಳ್ಳುತ್ತಿದ್ದರು. ಅಷ್ಟಕ್ಕೇ ನಿಲ್ಲದೆ ಬೀಡಿ ಕಟ್ಟುವ ಹೆಂಗಸರಿಗೂ ಆ ಗೀರುಗಳನ್ನು ಕಲಿಸಲು ಕೂತರು. ಇವರು ಬೈಬಲ್ ಓದಲಿ ಎಂಬ ಆಸೆ ಅವರದು. ನಮ್ಮವರು ಬೈಬಲನ್ನು ಬಿಟ್ಟು ಗೀರುಗಳನ್ನಷ್ಟೇ ಇಟ್ಟುಕೊಂಡರು. ಆದರೂ ಪಾಠ ನಿಲ್ಲಿಸಲಿಲ್ಲ, ಪುಣ್ಯಾತ್ಮ. ಅವರನ್ನು ನೆನೆದರೆ ಇಂದಿಗೂ ಕೈ ಮುಗಿಯಬೇಕೆನಿಸುತ್ತದೆ.

ಕನ್ನಡದ ಒತ್ತು, ಕೊಂಬುಗಳಿಗೆ ಹೆದರುತ್ತಿದ್ದ ನನ್ನ ಅಮ್ಮ ಇದನ್ನು ಒಂದೇ ಮಳೆಗಾಲದಲ್ಲಿ ಕಲಿತಳು. ಜೊತೆಗೆ ಕೂತು ನಾನೂ ಕಲಿತೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಸೋದರಮಾವನದೇ ಕಾರುಬಾರು. ಅವರೆದುರು ಅಮ್ಮ ಬಾಯಿ ತೆರೆದವಳಲ್ಲ. ಹೆಂಗಸರ ಈ ಪಾಠವೆಂದರೆ ಮಾವನಿಗೆ ತಮಾಷೆ, ಒಮ್ಮೆಯೂ ಇಣುಕಿ ನೋಡಲಿಲ್ಲ.

ಮುಂದೆ ನಾನು ಪುತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಕಲಿಯುತ್ತಿದ್ದಾಗ, ಒಂದು ದಿನ ಮಾವ ಉಪ್ಪಿನಕಾಯಿಯ ಭರಣಿ ಹಿಡಿದುಕೊಂಡು ಬಂದರು.

"ಆದಿತ್ಯವಾರ ಹುಡುಗನ ಕಡೆಯವರು ಬರುದುಂಟು. ಕಲ್ತದ್ದು ಸಾಕಂತೆ, ಪೆಟ್ಟಿಗೆ ಕಟ್ಟಿಕೊಂಡು ಬರ್ಬೇಕಂತೆ. ನಿನ್ನ ಅಮ್ಮನೇ ಹೇಳಿದ್ದು."

ಅಮ್ಮನೂ ಹೀಗೆ ಹೇಳಿದಳೇ ಎಂದು ಅಳು ಬಂತು. ಮುಖ ತಪ್ಪಿಸಲು ಭರಣಿಯತ್ತ ನೋಡಿದೆ. ಅದರ ಕಂದು ಮೈಯ ಮೇಲೆ ವೀಳ್ಯದ ಸುಣ್ಣದಿಂದ ಎಳೆದ ಗೀರುಗಳಿದ್ದವು.

"ಅದು ಎಂತ ಇಲ್ಲ, ದೃಷ್ಟಿ ಆಗದ ಹಾಗೆ ಬಳಿದದ್ದು. ಒರೆಸ್ಬೇಡ," ಎಂದರು ಮಾವ. ಬಸ್ಸಿನ ನೂಕುನುಗ್ಗಲಿನಲ್ಲಿ ಅಳಿಸಿಹೋಗದ ಹಾಗೆ ಜೋಪಾನವಾಗಿ ತಂದಿದ್ದರು, ಪಾಪ.

ಅಲ್ಲಿ ಅಮ್ಮ ಬರೆದದ್ದು ಇಷ್ಟೇ: "ಮದಿಮೆ ಬೊಡ್ಚಿ. ಕಲ್ಪು." ಮದುವೆ ಬೇಡ, ಕಲಿ.

"ಅಮ್ಮನ ಮಾತು ಮೀರುದಿಲ್ಲ ಅಲ್ವಾ?" ಎಂದು ಮಾವ ಕೇಳಿದರು.

"ಇಲ್ಲ ಮಾವ. ಅಮ್ಮ ಹೇಳಿದ ಹಾಗೇ ಮಾಡ್ತೇನೆ," ಎಂದೆ.

ಮಾವ ಸಮಾಧಾನದಿಂದ ಬಸ್ಸು ಹತ್ತಿದರು. ಆದಿತ್ಯವಾರ ನಾನು ಹೋಗಲಿಲ್ಲ. ಗಂಡಿನ ಕಡೆಯವರು ಬಂದು ತಿಂಡಿ ತಿಂದು ವಾಪಸಾದ ಮೇಲೆ ಮನೆಯಲ್ಲಿ ದೊಡ್ಡ ರಂಪವೇ ಆಯಿತಂತೆ. ಮಗಳನ್ನು ಹದ್ದುಬಸ್ತಿನಲ್ಲಿಡಲು ಬಾರದವಳು ಎಂದು ಮಾವ ಊರಿಡೀ ಹೇಳಿಕೊಂಡು ಬಂದರು. ಅಮ್ಮ ಎದುರಾಡದೆ ಬೀಡಿ ಕಟ್ಟುತ್ತ ಕೂತಿದ್ದಳು. ನನಗೆ ಕೆಲಸ ಸಿಗುವವರೆಗೂ ಆ ಕೆಟ್ಟ ಹೆಸರನ್ನು ಅವಳೊಬ್ಬಳೇ ಹೊತ್ತಳು.